ಕಪ್ಪು ಪುಸ್ತಕದ ಹುಡುಗಿಯರಿಗೆ ಒಂದು ಎಡೆ

ಮೊಮ್ಮಕ್ಕಳೇ, ನಿನ್ನೆ ಕಪಾಟು ಒರೆಸುವಾಗ ನಿಮ್ಮ ಅವ್ವನ ಆ ದಪ್ಪ ಕಪ್ಪು ಪುಸ್ತಕ ಕೈಗೆ ಬಂತು. ಅದರ ಒಂದು ಹಾಳೆಯ ಮೇಲೆ ತುಪ್ಪದ ಕಲೆ ಇದೆ. ಅದು ಹೇಗೆ ಬಿತ್ತೆಂದು ನೀವು ಕೇಳಿದಾಗಲೆಲ್ಲ ನಾನು ಅಡುಗೆಮನೆಗೆ ಎದ್ದು ಹೋಗಿದ್ದೇನೆ. ಬಾಯಿಬಿಟ್ಟು ಹೇಳಲು ನಾಚಿಕೆ, ಬರೆಯುವುದಕ್ಕೆ ಅಷ್ಟಿಲ್ಲ.

ಆಗ ನಿಮ್ಮಜ್ಜ ತೀರಿಕೊಂಡಿದ್ದರು. ಗೋವಾದ ಚಿಂಬಲ್‌ನ ಒಂದೇ ಖೋಲಿಯಲ್ಲಿ ನಾನು, ನಿಮ್ಮ ಅವ್ವ ಶೈಲಾ ಇಬ್ಬರೇ. ನಾನು ಮೂರು ಮನೆಗಳ ಪಾತ್ರೆ ತಿಕ್ಕುತ್ತಿದ್ದೆ. ಅವಳು ಪಣಜಿಯ ಪುಸ್ತಕದಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಹೊಲಿಗೆ ಬಿಚ್ಚಿಹೋಗಿ ಯಾರೂ ಕೊಳ್ಳದ ಆ ಪುಸ್ತಕವನ್ನು ಮಾಲೀಕರು ಅವಳಿಗೇ ಕೊಟ್ಟಿದ್ದರು. ಇಂಗ್ಲಿಷ್ ನನಗೆ ಬಾರದು. ನನ್ನದು ಹಳ್ಳಿ ಶಾಲೆಯ ನಾಲ್ಕನೆಯ ಇಯತ್ತೆ. ಆದರೆ ಅದರ ತುಂಬ ಚಿತ್ರಗಳೇ. ರೊಟ್ಟಿ ಬಡಿದಾದ ಮೇಲೆ ದಿನಾ ಒಂದಿಷ್ಟು ಹಾಳೆ ತಿರುವುತ್ತಿದ್ದೆ. ಯಾವುದೋ ಪರದೇಶದ ಹಳೆಯ ಊರು. ಹಳ್ಳಿಯಿಂದ ಮನೆಗೆಲಸಕ್ಕೆಂದು ರೈಲಿನಲ್ಲಿ ಬಂದಿಳಿಯುವ ಹುಡುಗಿಯರು. ಅವರ ಟ್ರಂಕು ತಾನೇ ಹಿಡಿದುಕೊಳ್ಳುವ ಒಬ್ಬ ಟೊಪ್ಪಿಗೆಯವನು. ಮುಂದಿನ ಹಾಳೆಯಲ್ಲಿ ಬರೀ ಟ್ರಂಕು. ಇದೆಲ್ಲ ಹಿಂದೆ ನಿಜವಾಗಿ ನಡೆದದ್ದೆಂದು, ಆ ಹುಡುಗಿಯರನ್ನು ಅವನು ಕೊಂದನೆಂದು ಶೈಲಾ ಹೇಳಿದ ಮೇಲೆ, ಅವಳ ಬಸ್ಸು ತಡವಾದರೆ ನನಗೆ ಯಾವ ಕೆಲಸದಲ್ಲೂ ಕೈ ಓಡುತ್ತಿರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ನಿಮ್ಮಜ್ಜನ ಫೋಟೋದ ಮುಂದೆ ಎಡೆ ಹಿಡಿದೆ. ಆ ಹುಡುಗಿಯರಿಗೆ ಯಾರು ಇಟ್ಟಾರು ಅನ್ನಿಸಿತು. ಪುಸ್ತಕ ಬಿಡಿಸಿ ಗೋಡೆಗೆ ಆನಿಸಿ, ಅದರ ಮುಂದೆಯೂ ಒಂದು ಎಲೆ ಹಾಕಿದೆ. ಸಂಜೆ ಶೈಲಾ ಬಂದವಳು ಬಾಗಿಲಲ್ಲೇ ನಿಂತಳು.

“ಯವ್ವಾ, ಅವರು ಕಿರಿಸ್ತಾನರ ಹುಡುಗ್ಯಾರು.”

“ಹಂಗಾದ್ರ ಮೀನ ಮಾಡಬೇಕಾಗಿತ್ತೇನ?”

ಅವಳು ನಕ್ಕಳು. ನಾನು ನಗಲಿಲ್ಲ. “ನಾಳಿಂದ ಅಂಗಡಿಗಿ ಹೋಗಬ್ಯಾಡ. ಮನ್ಯಾಗ ಇರು,” ಎಂದೆ.

ಶೈಲಾ ಚಪ್ಪಲಿ ಬಿಟ್ಟು ಬಂದು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. “ಇಷ್ಟ ದಪ್ಪ ಪುಸ್ತಕದಾಗ ಆ ಟೊಪಗಿಯವಗ ಮನ್ಯಾಗ ಇರು ಅಂತ ಯಾರರ ಅಂದಾರೇನ, ತೋರಸು. ನೀ ಮೂರು ಮನಿ ತಿರಗತಿ. ನಿನಗ ಯಾರು ಅಂದಾರ?”

ನಾನು ಎಲೆಯ ಮೇಲಿನ ಹೋಳಿಗೆ ಮುರಿದು ಅವಳ ಕೈಗಿಟ್ಟೆ. ತುಪ್ಪ ಹಾಳೆಯ ಮೇಲೆ ಬಿತ್ತು.

ಮರುದಿನ ಅವಳು ಕೆಲಸಕ್ಕೆ ಹೋದಳು. ಸಂಜೆ ನಾನು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ.

“ಕಾವಲಿಗಿ ಬಂದಿಯೇನ?”

“ಕೊತ್ತಂಬರಿ ಒಯ್ಯಾಕ ಬಂದೇನಿ.”

ಅವಳ ಮದುವೆಯಾಗುವ ತನಕ ನಮ್ಮ ಮನೆಯಲ್ಲಿ ಕೊತ್ತಂಬರಿಗೆ ಬರವಿರಲಿಲ್ಲ.

ರೂಪಾ, ಮೊನ್ನೆ ನೀನು ಸಂಜೆ ಪಾಳಿಯ ಕೆಲಸ ಸಿಕ್ಕಿದೆ ಎಂದಾಗ ನಿನ್ನ ತಮ್ಮಂದಿರು ನನ್ನ ಮುಖ ನೋಡಿದರು. ನಾನು ಅಡುಗೆಮನೆಗೆ ಎದ್ದು ಹೋದೆ. ನಿನ್ನೆ ಆ ಪುಸ್ತಕ ಒರೆಸಿಟ್ಟ ಮೇಲೆ ಇಷ್ಟು ಬರೆಯುತ್ತಿದ್ದೇನೆ: ಹೋಗು. ಬಸ್ಸು ಎಷ್ಟೊತ್ತಿಗೆ ಬರುತ್ತದೆಂದು ಮಾತ್ರ ಹೇಳು. ಮನೆಯಲ್ಲಿ ಕೊತ್ತಂಬರಿ ಮುಗಿದಿದೆ.