ಪಂಚಾಂಗದ ಪ್ರೆಸ್ಸಿನಲ್ಲಿ ಆರು ಫ್ಯೂಸುಗಳ ಕೊಲೆ

ಮಿತ್ರರೇ, ಇಂದು ಬೆಳಿಗ್ಗೆ ಚಾಮರಾಜಪೇಟೆಯಲ್ಲಿ ನಾನು ಆರು ಫ್ಯೂಸುಗಳನ್ನು ಕೊಂದೆನೆಂದು ಈ ಮೂಲಕ ತಪ್ಪೊಪ್ಪಿಕೊಳ್ಳುತ್ತೇನೆ. ಯುಗಾದಿಗೆ ನಾಲ್ಕೇ ದಿನ. ಪ್ರೆಸ್ಸಿನ ಶಾಮಣ್ಣನವರ ಪಂಚಾಂಗ ಇನ್ನೂ ಅರ್ಧವೂ ಅಚ್ಚಾಗಿಲ್ಲ. ಅವರ ಹೊಸ ಟ್ರಾನ್ಸ್‌ಫಾರ್ಮರಿಗೆ ಕರೆಂಟ್ ಒಳಬರುವ ಹೈಟೆನ್ಷನ್ ಕಡೆಗೆ ಎಷ್ಟರ ಫ್ಯೂಸು ಬೇಕೆಂದು ಹೇಳಿದವನು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರಾದ ನಾನೇ. ಪೂರ್ತಿ ಲೋಡಿಗೆ ಹದಿಮೂರು ಆಂಪಿಯರ್, ಆದ್ದರಿಂದ ಹದಿನಾರರ ಫ್ಯೂಸು. “ಬಿಗಿ ಲೆಕ್ಕ, ಬಿಗಿ ರಕ್ಷಣೆ!” ಎಂದು ಮೀಸೆ ತಿರುವಿದೆ. ಸ್ವಿಚ್ ಹಾಕಿದೊಡನೆ ಮೂರು ಫೇಸಿನ ಮೂರೂ ಫ್ಯೂಸು ಢಮಾರ್. ಇನ್ನೊಂದು ಸೆಟ್ ಹಾಕಿಸಿದೆ; ಅದೂ ಢಮಾರ್.

“ಏನ್ ಮೇಷ್ಟ್ರೇ, ಹಬ್ಬ ಮುಗಿದ್ಮೇಲೆ ಪಂಚಾಂಗ ಮಾರ್ಲಾ? ರಾಹುಕಾಲದಲ್ಲಿ ಸ್ವಿಚ್ ಹಾಕಿಸಿದ್ರಾ ಹೆಂಗೆ?” ಎಂದರು ಶಾಮಣ್ಣ.

ಲೈನ್‌ಮನ್ ಮುನಿಯಪ್ಪ ಟ್ರಾನ್ಸ್‌ಫಾರ್ಮರನ್ನು ಪರೀಕ್ಷಿಸಿ ಮೆಲ್ಲಗೆ ಹೇಳಿದ: “ಇದ್ರಲ್ಲೇನೂ ತೊಂದ್ರೆ ಇಲ್ಲ ಸಾರ್. ಆನ್ ಮಾಡಿದ ಗಳಿಗೇಲಿ ಹತ್ತು ಪಟ್ಟು ಕರೆಂಟ್ ಎಳ್ಕೊಳ್ಳುತ್ತೆ, ಆಮೇಲೆ ತೆಪ್ಪಗಾಗುತ್ತೆ. ಆ ಒಂದು ಗಳಿಗೆ ತಡ್ಕೊಳ್ಳೋ ಹಂಗೆ ಇಪ್ಪತ್ತೈದರದು ಹಾಕೋಣ.” ಹಾಕಿದ. ಫ್ಯೂಸು ತಡೆದುಕೊಂಡಿತು, ಪ್ರೆಸ್ಸು ಓಡಿತು.

ಟ್ರಾನ್ಸ್‌ಫಾರ್ಮರಿನ ಪಾಠವನ್ನು ಕಾಲೇಜಿನಲ್ಲಿ ಏಳು ವರ್ಷಗಳಿಂದ ಹೇಳುತ್ತಿದ್ದೇನೆ. ಆನ್ ಮಾಡಿದ ಗಳಿಗೆಯ ಆ ಒಂದು ಪುಟವನ್ನು ಮಾತ್ರ, “ಪರೀಕ್ಷೆಗೆ ಬರಲ್ಲ, ಬಿಡ್ರಪ್ಪಾ” ಎಂದು ಪ್ರತಿ ವರ್ಷ ಹಾರಿಸುತ್ತೇನೆ.