ಕರೆಂಟ್ ಹೋದ ದಿನದ ಹಾಡು

ಟ್ರಂಕಿನಿಂದ ಕೌದಿ ಹೊರಗೆಳೆದಾಗ ಒಣ ಬೇವಿನ ಎಲೆಯ ವಾಸನೆ ಬಂತು. ಅವ್ವನ ಹಳೆ ಸೀರೆಗಳಿಂದ ಹೊಲಿದ ಕೌದಿ ಅದು. ಕುರುಂದವಾಡದಿಂದ ರಜೆಗೆ ಬಂದಿದ್ದ ತಂಗಿಯ ಮಗಳು ಅದರ ಅಂಚಿನಲ್ಲಿ ಬೆರಳು ತೂರಿಸಿ ಕೇಳಿದಳು: “ಮಾಮಾ, ಈ ತೂತ ಏನಿವು? ಇಲಿ ಕಡದಾವೇನ?”

“ಇಲಿ ಅಲ್ಲವ್ವಾ, ಮೊಳಿ ತೂತ. ನಿಮ್ಮವ್ವ ಹಾಡತಿದ್ಲು. ಅದಕ್ಕ ಗ್ವಾಡಿಗೆ ಬಡದಿದ್ವಿ.”

“ಹಂಗಾರ ಕೇಳಸು, ಅವ್ವನ ಹಾಡ.”

ಕೇಳಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ತಂಗಿ ಹೋದ ವರ್ಷ ಜ್ವರ ಬಂದು ತೀರಿಕೊಂಡಳು. ಅವಳ ದನಿ ಅದಕ್ಕೂ ಮೊದಲೇ ಹೋಗಿತ್ತು... ಅದು ಹೋದದ್ದು ನನ್ನಿಂದ.

ಇಚಲಕರಂಜಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಕರೆಂಟ್ ಮಗ್ಗಗಳಿದ್ದವು. ನಾನು ಏಳನೇ ತರಗತಿಗೇ ಶಾಲೆ ಬಿಟ್ಟು ಮಗ್ಗದ ಮುಂದೆ ನಿಂತವನು. ತಂಗಿ ಕಾಲೇಜು ಮುಗಿಸಿ ಬಂದು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು, ಸುತ್ತುತ್ತಲೇ ಹಾಡು ಕಟ್ಟುತ್ತಿದ್ದಳು. ದೇವರ ಹಾಡಲ್ಲ, ಸಿನಿಮಾದ್ದೂ ಅಲ್ಲ. ರಿಕ್ಷಾ ತಪ್ಪಿಸಿಕೊಂಡ ಹುಡುಗಿ, ಮಾತಾಡದೆ ಮುನಿಸಿಕೊಂಡ ಗೆಳೆಯ, ಅಂಥವು. ಅರ್ಧ ಕನ್ನಡ, ಅರ್ಧ ಮರಾಠಿ. ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಗೆಳೆಯ ಗಿಟಾರ್ ನುಡಿಸುತ್ತಿದ್ದ.

ನಮ್ಮ ಊರಲ್ಲಿ ಮಗ್ಗದ ಸದ್ದು ನಿಲ್ಲುತ್ತಿದ್ದದ್ದು ವಾರಕ್ಕೊಮ್ಮೆ ಕರೆಂಟ್ ಬಂದ್ ಇರುವ ದಿನ ಮಾತ್ರ. ಅವತ್ತು ಮಧ್ಯಾಹ್ನ ದನಿ ಗುಂಯ್‌ಗುಡದಂತೆ ಹಿಂದಿನ ಕೋಣೆಯ ಗೋಡೆಗೆಲ್ಲ ಕೌದಿ ಬಡಿದು, ಚಾರ್ಜ್ ಮಾಡಿಟ್ಟ ಲ್ಯಾಪ್‌ಟಾಪಿನಲ್ಲಿ ಅವರಿಬ್ಬರೂ ರೆಕಾರ್ಡ್ ಮಾಡುತ್ತಿದ್ದರು. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತು ಗದ್ದಲ ಮಾಡುವ ಹುಡುಗರನ್ನು ಓಡಿಸುತ್ತಿದ್ದೆ. ಅವಳು ತನ್ನ ಹೆಸರಿನಲ್ಲೇ ಹಾಡುಗಳನ್ನು ನೆಟ್ಟಿಗೆ ಹಾಕಿದಳು. ಮುಖ ತೋರಿಸಲಿಲ್ಲ, ಬರೀ ಒಂದು ಕಂಡಿಕೆಯ ಚಿತ್ರ. ಕರೆಂಟ್ ಹೋದ ದಿನದ ಮೇಲೆ ಕಟ್ಟಿದ ಹಾಡನ್ನಂತೂ ಕೊಲ್ಹಾಪುರದ ಕಾಲೇಜು ಹುಡುಗರು ಎಲ್ಲೆಂದರಲ್ಲಿ ಹಚ್ಚತೊಡಗಿದರು. ಅಲ್ಲಿನ ಒಂದು ಸ್ಟುಡಿಯೋದವರು ಎಲ್ಲ ಹಾಡು ಸೇರಿಸಿ ಆಲ್ಬಮ್ ಮಾಡೋಣ ಎಂದರು. ಅವಳು ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ನನಗೆ ಮಾತ್ರ ಚಹಾದಂಗಡಿಗೆ ಹೋಗುವುದು ಕಷ್ಟವಾಯಿತು. “ಏನಪಾ, ನಿಮ್ಮ ಮನಿ ಕೋಗಿಲ ನಮ್ಮ ಹುಡುಗನ ಮೊಬೈಲನ್ಯಾಗ ಗೂಡ ಕಟ್ಟೈತಲ್ಲೋ!” ಎಂದು ಒಬ್ಬ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆ ನಗು ಕಿವಿಯಲ್ಲಿ ಉಳಿದುಬಿಟ್ಟಿತು.

ಅದೇ ದಿನಗಳಲ್ಲಿ ಗಡಹಿಂಗ್ಲಜದಿಂದ ಹೆಣ್ಣು ನೋಡಲು ಬಂದರು. ತಂಗಿ ಅವಲಕ್ಕಿ, ಚಹಾ ಕೊಟ್ಟು ಚಾಪೆಯ ಮೇಲೆ ಕುಳಿತಳು. ಹುಡುಗನ ಸೋದರತ್ತೆ ನಗುನಗುತ್ತ ಕೇಳಿದರು: “ಮೊಬೈಲದಾಗ ಹಾಡ್ಯಾಳಲ್ಲರಿ, ಆ ಹುಡುಗಿ ಈಕಿನs ಏನ್ರಿ?”

ತಂಗಿ ಬಾಯಿ ತೆರೆಯುವ ಮೊದಲೇ ನಾನು ಅಂದೆ, “ಏ, ಇಲ್ಲರಿ. ಹೆಸರ ಒಂದs ಐತಿ ಅಷ್ಟ, ಆಕಿ ಬ್ಯಾರೆ. ನಮ್ಮ ಮನ್ಯಾಗ ಅಂಥಾ ಚಟ ಯಾರಿಗೂ ಇಲ್ಲ.”

“ಹೌದೇನ್ರಿ...” ಅವರ ಮುಖ ಇಳಿಯಿತು. “ನಮ್ಮ ಹುಡುಗ ಆ ಹಾಡ ಕೇಳೇ ನಿಮ್ಮನಿ ಹುಡಿಕ್ಕೊಂಡ ಬಂದಾನ್ರಿ.”

ಆಗಲೂ ಒಂದು ಮಾತು ಸಾಕಿತ್ತು. ನಾನು, “ಇನ್ನೊಂದೀಟ ಅವಲಕ್ಕಿ ತಗೋರಿ,” ಎಂದೆ.

ಅವರು ಹೋದ ಮೇಲೆ ಅವಳನ್ನೇ ಗದರಿದೆ. “ನೀನರ ಹೇಳಬೇಕೋ ಬ್ಯಾಡೋ?”

“ಮಂದಿ ಮುಂದ ನಿನ್ನ ಸುಳ್ಳ ಮಾಡ್ಲೇನಣ್ಣಾ?” ಎಂದಳು.

ಕಂಡಿಕೆ ಯಂತ್ರದ ಪಕ್ಕ ಕುಳಿತು ಫೋನಿನಲ್ಲೇ ನೆಟ್ಟಿನಿಂದ ಒಂದೊಂದೇ ಹಾಡು ಅಳಿಸಿದಳು. ಯಾಕೆಂದು ಕೇಳಿದ್ದಕ್ಕೆ, “ನಾಳೆ ಯಾರರ ನನ್ನ ದನಿ ಗುರ್ತ ಹಿಡದ್ರ ನಿನ್ನ ಮಾರಿ ಸಣ್ಣದಾಗತೈತಿ,” ಅಂದಳು. ಸ್ಟುಡಿಯೋದವರಿಗೂ ಬೇಡವೆಂದು ಹೇಳಿದಳು. ನಾನು ತಡೆಯಲಿಲ್ಲ. ಖರೆ ಹೇಳಬೇಕೆಂದರೆ ನನಗೆ ಹಗುರವಾಯಿತು. ಅವಳು ಅಳಲಿಲ್ಲ, ಹಾಗಾಗಿ ಅಷ್ಟೇನೂ ನೋವಾಗಿಲ್ಲ ಎಂದುಕೊಂಡೆ... ಆಮೇಲೆ ಕುರುಂದವಾಡಕ್ಕೆ ಮದುವೆ ಮಾಡಿಕೊಟ್ಟೆವು. ಮಗುವಿಗೆ ಜೋಗುಳ ಕೂಡ ಹಾಡುತ್ತಿರಲಿಲ್ಲ ಎಂದು ಅವಳ ಗಂಡ ಈಚೆಗೆ ಹೇಳಿದ.

ತಂಗಿಯ ಮಗಳು ‘ಕೇಳಸು’ ಅಂದ ಮೇಲೆ ಫೌಂಡ್ರಿಯ ಗೆಳೆಯನ ಹತ್ತಿರ ಹೋದೆ. ಆ ಲ್ಯಾಪ್‌ಟಾಪನ್ನು ಅವನು ಎಂದೋ ಗುಜರಿಗೆ ಹಾಕಿದ್ದ. ಉಳಿದದ್ದು ಗಡಹಿಂಗ್ಲಜ ಒಂದೇ.

ಅವತ್ತು ಹೆಣ್ಣು ನೋಡಲು ಬಂದಿದ್ದ ಹುಡುಗನದು ಈಗ ಅಲ್ಲಿ ಬೀಜ-ಗೊಬ್ಬರದ ಅಂಗಡಿ. ಗಿರಾಕಿಗಳು ಹೋಗುವವರೆಗೆ ಬಾಗಿಲಲ್ಲೇ ನಿಂತೆ. ಹಾಡು ಬೇಕಾದರೆ ಮೊದಲು ಸುಳ್ಳನ್ನು ಒಪ್ಪಿಕೊಳ್ಳಬೇಕಿತ್ತು.

“ಅದು ನನ್ನ ತಂಗಿ ದನಿನs ಇತ್ತರಿ. ಅವತ್ತ ನಾ ಸುಳ್ಳ ಹೇಳಿದ್ನಿ. ಆಕಿ ಈಗಿಲ್ಲ.”

ಆತ ತಕ್ಕಡಿಯ ಕಲ್ಲುಗಳನ್ನು ಬದಿಗೆ ಸರಿಸಿದ. “ಗೊತ್ತಿತ್ರಿ,” ಎಂದ. “ಚಾ ಕೊಡೂಮುಂದ ಅವರು ‘ಸಕ್ರಿ ಸಾಕ್ರಿ?’ ಅಂತ ಕೇಳಿದ್ರು. ಅಷ್ಟರಾಗs ದನಿ ಗುರ್ತ ಸಿಕ್ಕಿತ್ತು. ನಿಮಗ ಹುಡುಗಿ ಕೊಡೂ ಮನಸಿಲ್ಲ, ಅದಕ್ಕ ಹಂಗಂತೀರಿ ಅನ್ಕೊಂಡ ಎದ್ದ ಬಂದ್ನಿ.”

“ಹಾಡ ಐತೇನ್ರಿ?”

“ಇಲ್ಲರಿ. ನನ್ನ ಲಗ್ನ ಗಟ್ಟಿ ಆದಮ್ಯಾಲ ತಗದಬಿಟ್ಟೆ. ಇಟ್ಕೊಳ್ಳೂದು ಬರೋಬರಿ ಅನಸಲಿಲ್ಲ.”

ಎದ್ದು ಹೊರಟಿದ್ದೆ. ಆತ ತಕ್ಕಡಿಯ ಕಡೆ ನೋಡುತ್ತ ಮೆಲ್ಲಗೆ ಹಾಡಿದ: “ಕರೆಂಟ ಹೋತು, ಊರ ಸುಮ್ಮನಾತು, ಈಗರ ಹೇಳ...” ಅಲ್ಲಿಗೆ ನಿಂತ. “ಮುಂದ ಏನರಿ ಅದು? ಬಾಯಾಗs ಐತಿ, ಬರವಲ್ದು. ನೀವ ಅಲ್ಲೇ ಇದ್ರಲ್ಲಾ, ಹೇಳ್ರಿ.”

ನಾನು ಅಲ್ಲೇ ಇದ್ದೆ. ಆದರೆ ಬಾಗಿಲ ಕಡೆ ಬೆನ್ನು ಮಾಡಿ, ಓಣಿಯವರು ಏನಂದಾರು ಎಂದು ಆ ಕಡೆಗೇ ಕಿವಿ ಇಟ್ಟು. ಒಳಗೆ ಅವಳು ಏನು ಹಾಡುತ್ತಿದ್ದಾಳೆಂದು ಒಂದು ದಿನವೂ ಕೇಳಲಿಲ್ಲ.

ಬಂದು ಅಷ್ಟೇ ಸಾಲನ್ನು ಹುಡುಗಿಗೆ ಕಲಿಸಿದೆ. ಈಗ ಮನೆತುಂಬ ಅದನ್ನೇ ಹಾಡುತ್ತ ತಿರುಗುತ್ತಾಳೆ. ‘ಈಗರ ಹೇಳ’ ಎಂಬಲ್ಲಿಗೆ ಬಂದು ನಿಲ್ಲುತ್ತಾಳೆ, ನನ್ನ ಮುಖ ನೋಡುತ್ತಾಳೆ.