ಕಿವಿ ಮೂಸುವ ನಂಜಪ್ಪನವರು

ಆ ನಾಯಿಗೆ ನಾನು ತೆತ್ತದ್ದು ಎರಡು ಸೇರು ಏಲಕ್ಕಿ. ಅಂಥ ಜೋಲುಗಿವಿಯ ಬೇಟೆನಾಯಿ ಅಷ್ಟಕ್ಕೇ ಸಿಕ್ಕಿದ್ದು ಅದರ ಎಡಗಿವಿ ನಾರುತ್ತಿದ್ದುದರಿಂದ. ಅದನ್ನು ಸಾಕಿದ್ದ ತೋಟದ ಮ್ಯಾನೇಜರಿಗೆ ಹೇಗಾದರೂ ಸಾಗಹಾಕಿದರೆ ಸಾಕಾಗಿತ್ತು. ಕಿವಿ ವಾಸಿ ಮಾಡಿಸಿ ಬೇಟೆಗಾರರಿಗೆ ಒಳ್ಳೆಯ ಬೆಲೆಗೆ ಮಾರುವ ಆಸೆ ನನ್ನದು. ಕಿವುಡಾದರೆ ಬಿಟ್ಟಿ ಕೊಟ್ಟರೂ ಯಾರೂ ಒಯ್ಯರು.

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಸೋಮವಾರಪೇಟೆಯ ದನದ ಆಸ್ಪತ್ರೆಯಲ್ಲಿ ನಂಜಪ್ಪನವರು ಕಾಂಪೌಂಡರು. ಹಾಸನದ ಕಡೆಯವರು, ಕಡ್ಡಿಯಂಥ ಮೈ, ಅದಕ್ಕೊಪ್ಪದ ದೊಡ್ಡ ಮೂಗು. ನಾಯಿ ಬಂದರೆ ಮೊದಲು ಅದರ ಕಿವಿ ಮೂಸುವರು, ನಾವು ಹೊಸ ಕಾಫಿಪುಡಿ ಮೂಸುವ ಹಾಗೆ, ಕಣ್ಣು ಮುಚ್ಚಿ. ಹುಳಿಹಿಟ್ಟಿನ ವಾಸನೆಯಾದರೆ ಒಂದು ಗುಮಾನಿ, ಕೊಳೆತ ಹಣ್ಣಿನದಾದರೆ ಇನ್ನೊಂದು. ಅಷ್ಟಾದರೂ ಮೂಗನ್ನೇ ನಂಬದೆ, ಕೀವನ್ನು ಗಾಜಿಗೆ ಸವರಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವರು.

ದಿನಕ್ಕೆರಡು ಸಲ ಕಿವಿ ತೊಳೆದು ಹನಿ ಹಾಕಬೇಕು, ಹದಿನಾಲ್ಕು ದಿನ ಎಂದರು. ಏಳಕ್ಕೆ ಮುಗಿಸಿಕೊಡಿ ಎಂದೆ. ಯಾರ ಮೊದಲ ಮಾತಿಗೂ ಒಪ್ಪಿ ಗೊತ್ತಿಲ್ಲ ವ್ಯಾಪಾರಿಯಾದ ನನಗೆ. ಅವರು ನಕ್ಕು ಹನಿಯ ಸೀಸೆ ನನ್ನ ಕೈಗಿತ್ತರು. ಆರನೆಯ ದಿನ ವಾಸನೆ ಹೋಯಿತು, ತಲೆ ಕೊಡವುವುದೂ ನಿಂತಿತು. ಗೆದ್ದೆನೆಂದು ಹನಿ ನಿಲ್ಲಿಸಿದೆ. ಮುಂದಿನ ಸಂತೆಯ ಹೊತ್ತಿಗೆ ಕಿವಿ ಮತ್ತೆ ಸೋರುತ್ತಿತ್ತು. ಎಡಗಡೆ ನಿಂತು ಕರೆದರೆ ನಾಯಿ ತಿರುಗಲೇ ಇಲ್ಲ.

ಮತ್ತೆ ಆಸ್ಪತ್ರೆಗೆ ಒಯ್ದೆ. ನಂಜಪ್ಪನವರು ಬೈಯಲಿಲ್ಲ. ನನ್ನ ಹೆಗಲು ಹಿಡಿದು ಸೂಕ್ಷ್ಮದರ್ಶಕದ ಮೇಲೆ ಬಗ್ಗಿಸಿದರು. ಸಾಸಿವೆ ಗುಪ್ಪೆಯಂಥವು, ಮುರಿದ ಕಡ್ಡಿಯಂಥವು, ನೋಡಿದಲ್ಲೆಲ್ಲ ಬ್ಯಾಕ್ಟೀರಿಯಾ.

“ಹೋದ್ಸಲ ಅರ್ಧ ಜನ ಸತ್ತಿದ್ರು, ಸಾವ್ಕಾರ್ರೆ. ಉಳಿದೋರು ಸಂಸಾರ ಬೆಳಸ್ಕೊಂಡವ್ರೆ. ಚೌಕಾಸಿ ನನ್ನತ್ರ ಬ್ಯಾಡ, ಇವ್ರತ್ರ ಮಾಡಿ. ಏಳ್ ದಿನಕ್ಕೆ ಇವ್ರು ಒಪ್ಪುದ್ರೆ ನಂದೇನೂ ತಕರಾರಿಲ್ಲ.”

“ಹದಿನಾಲ್ಕೇ ಆಗ್ಲಿ” ಎಂದೆ.

“ಅದು ಹೋದ್ಸಲದ ದರ. ಈಗ ಇಪ್ಪತ್ತೊಂದು.”

ಇಪ್ಪತ್ತೊಂದು ದಿನವೂ ಒಂದು ಹನಿ ತಪ್ಪಿಸದೆ ಹಾಕಿದೆ. ಅಷ್ಟರಲ್ಲಿ ನಾಯಿ ನನ್ನ ಮಂಡಿಯ ಮೇಲೆ ತಾನಾಗಿಯೇ ತಲೆಯಿಟ್ಟು ಕಿವಿ ಒಡ್ಡುತ್ತಿತ್ತು. ಬೇಟೆಗಾರರು ಕೇಳಿಕೊಂಡು ಬಂದಾಗ, ಯಾರೂ ಕೊಡಲಾಗದ ಬೆಲೆ ಹೇಳಿ ಅವರನ್ನೇ ಸಾಗಹಾಕಿದೆ.

ಕೊಡಗು ಮೈಸೂರಿಗೆ ಸೇರಿದಾಗ ನಂಜಪ್ಪನವರಿಗೆ ವರ್ಗವಾಯಿತು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದವರು ಇಳಿದು ಬಂದು, ಜನರೆಲ್ಲ ನೋಡುತ್ತಿದ್ದಂತೆ ನಾಯಿಯ ಎರಡೂ ಕಿವಿ ಮೂಸಿದರು. “ನಾಯಿ ವಾಸ್ನೆ ಬಿಟ್ರೆ ಇನ್ನೇನಿಲ್ಲ” ಎಂದು ಅದರ ತಲೆ ತಟ್ಟಿ ಹತ್ತಿ ಹೋದರು. ತಿರುವಿನಾಚೆಯಿಂದ ಬಸ್ಸಿನ ಹಾರನ್ ಸದ್ದು ನನಗೆ ಕೇಳಿಸುವ ಮೊದಲೇ ನಾಯಿಯ ಎಡಗಿವಿ ಆ ಕಡೆ ತಿರುಗಿತು.

ನೀವೂ ನಾಯಿ ಕೊಳ್ಳುವಾಗ ಹಲ್ಲು ನೋಡುವ ಮೊದಲು ಕಿವಿ ಮೂಸಿ. ಬೆಲೆಯಲ್ಲಿ ಎಷ್ಟು ಬೇಕಾದರೂ ಎಳೆದಾಡಿ. ಔಷಧದ ದಿನಗಳಲ್ಲಿ ಮಾತ್ರ ಬೇಡ.